ಪದಚರ್ಚೆ: ಸೂರ್ಯ ಗಡಿಯಾರದ ಫಲಕಕ್ಕೆ ‘ಸಮಯದ ಸಮೀಕರಣ’ ಬೇಡ

> ಬೆಂಗಳೂರಿನ ನಮ್ಮ ಶಾಲೆಯ ಅಂಗಳದಲ್ಲಿ ಸೂರ್ಯ ಗಡಿಯಾರ ಕೂರಿಸುತ್ತಿದ್ದೇವೆ. ‘ಈಕ್ವೇಶನ್ ಆಫ್ ಟೈಮ್’ಗೆ ಕನ್ನಡ ಪದ ಬೇಕು. ಫಲಕ ನಾಳೆಯೇ ಮುದ್ರಣಕ್ಕೆ ಹೋಗಬೇಕು.

ಮಾನ್ಯರೇ,

‘ವೇಳಾಂತರ’ ಎಂದು ಬರೆಯಿರಿ. ಸೂರ್ಯ ಗಡಿಯಾರ ತೋರುವ ನಿಜ ಸೂರ್ಯನ ಹೊತ್ತಿಗೂ ನಮ್ಮ ಗಡಿಯಾರಗಳ ಸರಾಸರಿ ಹೊತ್ತಿಗೂ ದಿನದಿಂದ ದಿನಕ್ಕೆ ಬದಲಾಗುವ ಅಂತರವೇ ಇದು. ‘ಸಮಯದ ಸಮೀಕರಣ’ ಸಲ್ಲದು. ಸಮೀಕರಣ ಎಂದೊಡನೆ ಮಕ್ಕಳು ಎಕ್ಸ್, ವೈ ಹುಡುಕುತ್ತಾರೆ. ಇಲ್ಲಿರುವುದು ಒಂದು ತಿದ್ದುಪಡಿ, ನಮ್ಮ ಜ್ಯೋತಿಷ ಗ್ರಂಥಗಳ ಮಾತಿನಲ್ಲಿ ‘ಸಂಸ್ಕಾರ’. ಭೂಮಿಯ ಕಕ್ಷೆ ದೀರ್ಘವೃತ್ತವಾದ್ದರಿಂದ ಬರುವ ಭಾಗ ಭುಜಾಂತರ, ಅಕ್ಷ ಓರೆಯಾದ್ದರಿಂದ ಬರುವ ಭಾಗ ಉದಯಾಂತರ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯ ಉದಯಾಂತರವನ್ನು ಬಿಡಿಸಿ ಹೇಳಿದ್ದಾನೆ. ಎರಡೂ ಕೂಡಿದರೆ ನಿಮ್ಮ ವೇಳಾಂತರ. ಪದ ಮನೆಯಲ್ಲೇ ಇರುವಾಗ ಇಂಗ್ಲಿಷಿನ ನೆರಳಿನಲ್ಲಿ ಹೊಸದನ್ನು ಟಂಕಿಸುವುದೇಕೆ?

‘ಹೊತ್ತಿನ ಸರಿತೂಕ’ ಎಂದು ಸೂಚಿಸಿದವರಿಗೆ: ಇದು ಅದೇ ತಪ್ಪಿಗೆ ಅಚ್ಚಗನ್ನಡದ ಅಂಗಿ. ಏನೂ ಇಲ್ಲಿ ಸರಿತೂಗುವುದಿಲ್ಲ. ಸಂಸ್ಕೃತ ಬೇಡವೆನ್ನುವವರು ‘ಗಡಿಯಾರ’ವನ್ನೂ ಬಿಡಬೇಕಾಗುತ್ತದೆ. ಗಡಿಯಾರ, ಗಳಿಗೆ ಎರಡರ ಬೇರೂ ‘ಘಟಿಕೆ’ಯಲ್ಲಿದೆ. ತಳದಲ್ಲಿ ತೂತಿರುವ ಬಟ್ಟಲು ನೀರಿನಲ್ಲಿ ತುಂಬಿ ಮುಳುಗಲು ಹಿಡಿಯುವ 24 ನಿಮಿಷವೇ ಒಂದು ಗಳಿಗೆ. ಸಂಸ್ಕೃತದ ‘ವೇಲಾ’ ನಮ್ಮ ಬಾಯಲ್ಲಿ ‘ವೇಳೆ’ಯಾಗಿ, ಬಸ್ ನಿಲ್ದಾಣದ ವೇಳಾಪಟ್ಟಿಯವರೆಗೂ ಬಂದಿದೆ. ಅದನ್ನು ಪರಕೀಯ ಎನ್ನುವ ವಾದಕ್ಕೆ ನನ್ನ ಒಪ್ಪಿಗೆಯಿಲ್ಲ.

ಪದಕ್ಕಿಂತ ಮುಖ್ಯವಾದ ಒಂದು ವಿಷಯ. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಬೆಂಗಳೂರು ಇರುವುದು ಸುಮಾರು 77.6ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ನಿಮ್ಮ ನೆರಳು ವರ್ಷವಿಡೀ ಸುಮಾರು 20 ನಿಮಿಷ ಹಿಂದೆ. ಫೆಬ್ರವರಿ ಮಧ್ಯದಲ್ಲಿ ವೇಳಾಂತರದ 14 ನಿಮಿಷವೂ ಸೇರಿ 34 ಆಗುತ್ತದೆ. ನವೆಂಬರ್ ಆರಂಭದಲ್ಲಿ ಅದೇ ವೇಳಾಂತರ 16 ನಿಮಿಷ ಮುಂದಕ್ಕೆ ತಳ್ಳುವುದರಿಂದ ಉಳಿಯುವುದು ನಾಲ್ಕೇ. ಫಲಕದಲ್ಲಿ ಎರಡನ್ನೂ ಬೇರೆ ಬೇರೆ ಹೇಳಿ. ಮೊದಲನೆಯದಕ್ಕೆ ಹಳೆಯ ‘ದೇಶಾಂತರ’ ಬೇಡ, ಓದುವವರು ಊರು ಬಿಟ್ಟು ಹೋಗುವುದೆಂದು ತಿಳಿಯುತ್ತಾರೆ. ‘ರೇಖಾಂಶದ ವ್ಯತ್ಯಾಸ’ ಸಾಕು.

ಸಮುದ್ರದ ಮೇಲೆ ನಡುಹಗಲ ಸೂರ್ಯನನ್ನು ನೋಡಿ ರೇಖಾಂಶ ಎಣಿಸುವ ನಾವಿಕ ನವೆಂಬರಿನ ಆ 16 ನಿಮಿಷವನ್ನು ಮರೆತರೆ ಲೆಕ್ಕ 4 ಡಿಗ್ರಿ ತಪ್ಪುತ್ತದೆ. ಸಮಭಾಜಕದ ಬಳಿ ಅದು ಸುಮಾರು 440 ಕಿಲೋಮೀಟರ್. ಜಾಗವಿದ್ದರೆ ಮಕ್ಕಳಿಗಾಗಿ ಇದನ್ನೂ ಸೇರಿಸಿ.

ಫಲಕಕ್ಕೆ ಈ ವಾಕ್ಯ ಬಳಸಬಹುದು: ‘ವೇಳಾಂತರ: ನಿಜ ಸೂರ್ಯನ ಹೊತ್ತಿಗೂ ಸರಾಸರಿ ಹೊತ್ತಿಗೂ ಇರುವ ಅಂತರ.’ ಕೋಷ್ಟಕವನ್ನು ನಕಲು ಮಾಡುವ ಮುನ್ನ ಕೂಡುವ, ಕಳೆಯುವ ಚಿಹ್ನೆ ನೋಡಿಕೊಳ್ಳಿ. ಕೆಲವರು ನಿಜ ಹೊತ್ತಿನಿಂದ ಸರಾಸರಿಯನ್ನು ಕಳೆಯುತ್ತಾರೆ, ಕೆಲವರು ಅದರ ತಿರುವುಮುರುವು.