ಜಿಪಿಡಬ್ಲ್ಯು ಜೀಪ್: ಡೀಸೆಲ್ ಇಂಜಿನ್, 3.73 ಕ್ರೌನ್ ಹಾಕಿದ ಮೇಲೆ ಹ್ಯಾಂಡ್ ಬ್ರೇಕ್ ಹಿಡಿಯುತ್ತಿಲ್ಲ

ಘಾಟಿ_ಜೀಪ್:
ಎಲ್ಲರಿಗೂ ನಮಸ್ಕಾರ. ಗಾಡಿ 1944ರ ಫೋರ್ಡ್ ಜಿಪಿಡಬ್ಲ್ಯು, ಮಿಲಿಟರಿ ಡಿಸ್ಪೋಸಲ್. ಪೆಟ್ರೋಲ್ ಇಂಜಿನ್ ಮತ್ತು ಟಿ-84 ಗೇರ್‌ಬಾಕ್ಸ್ ಇಳಿಸಿ ಮಹೀಂದ್ರಾ ಡೀಸೆಲ್ ಇಂಜಿನ್, 4 ಗೇರಿನ ಬಾಕ್ಸ್ ಕೂರಿಸಲಾಗಿದೆ. ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಡಾನಾ 18 ಮಾದರಿಯದೇ, ಆದರೆ ಸಿಜೆ-3ಬಿ ಜೀಪಿನದು. ಹಾಗಾಗಿ ಡ್ರಮ್ಮಿನ ಹೊರಗೆ ಪಟ್ಟಿ ಬಿಗಿಯುವ ಮೂಲದ ಹ್ಯಾಂಡ್ ಬ್ರೇಕ್ ಹೋಗಿ, ಒಳಗೆ ಶೂ ಇರುವ ಡ್ರಮ್ ಬಂದಿದೆ. ಕೇಸ್ ಸುಮಾರು 6 ಸೆಂ.ಮೀ. ಹಿಂದಕ್ಕೆ ಸರಿದಿದೆ. ಹಿಂದೆ ಮುಂದೆ ಎರಡೂ ಆಕ್ಸಲ್‌ಗೆ 4.88 ಬದಲು 3.73 ಕ್ರೌನ್-ಪಿನಿಯನ್ (ಶಾಫ್ಟ್ ಇಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು), ಟೈರ್ 6.00-16 ಬದಲು 7.00-16.

ತೊಂದರೆ ಎರಡು. ಇಳಿಜಾರಿನಲ್ಲಿ ಡ್ಯಾಶ್‌ಬೋರ್ಡಿನ ಹಿಡಿಯನ್ನು ಪೂರ್ತಿ ಎಳೆದರೂ ಗಾಡಿ ಮೆಲ್ಲಗೆ ಜಾರುತ್ತದೆ. ಓಡಿಸುವಾಗ ಮಾತ್ರ ಡ್ರಮ್ ಮುಟ್ಟಲಾಗದಷ್ಟು ಕಾಯುತ್ತದೆ. ಕೇಬಲ್ ಉದ್ದ ಮಾಡಿಸಿದರೆ ಸಾಕೇ, ಇಲ್ಲ ಹಿಂಚಕ್ರಕ್ಕೇ ಹ್ಯಾಂಡ್ ಬ್ರೇಕ್ ಕೊಡಬೇಕೇ?

ಪಿನಿಯನ್:
ಸರ್, ಕೇಬಲ್‌ಗಿಂತ ಮೊದಲು ಲೆಕ್ಕ ನೋಡಿ. ಈ ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿದೆ. ಅದರ ಹಿಡಿತ ಕ್ರೌನ್-ಪಿನಿಯನ್ ಅನುಪಾತದಷ್ಟು ಪಟ್ಟು ಹೆಚ್ಚಾಗಿ ಚಕ್ರಕ್ಕೆ ಸಿಗುತ್ತದೆ. ಅನುಪಾತ ಇಳಿದರೆ ಹಿಡಿತವೂ ಇಳಿಯಿತು.

ಭಾರ ಸೇರಿ 1500 ಕೆ.ಜಿ. ಗಾಡಿ, 5ಕ್ಕೆ 1ರ ಇಳಿಜಾರು ಎಂದಿಟ್ಟುಕೊಳ್ಳಿ. ಗಾಡಿಯನ್ನು ಕೆಳಗೆ ಎಳೆಯುವ ಬಲ ಸುಮಾರು 2890 ನ್ಯೂಟನ್. ಹಳೆಯ ಟೈರಿನಲ್ಲಿ ನೆಲದಿಂದ ಆಕ್ಸಲ್‌ಗೆ 35 ಸೆಂ.ಮೀ., ಅಂದರೆ ಆಕ್ಸಲ್‌ನಲ್ಲಿ 1010 ನ್ಯೂಟನ್ ಮೀಟರ್ ಟಾರ್ಕ್. 4.88 ಇದ್ದಾಗ ಡ್ರಮ್ 207 ತಡೆದರೆ ಸಾಕಿತ್ತು. 3.73 ಆದಾಗ 271 ಬೇಕು. ಟೈರ್ ದೊಡ್ಡದಾಗಿ 35 ಇದ್ದದ್ದು 38 ಆಯಿತು, ಈಗ 294. ಹಳೆಯದಕ್ಕೆ ಹೋಲಿಸಿದರೆ ಶೇ. 42 ಹೆಚ್ಚು. ಶೂ, ಡ್ರಮ್, ಕೇಬಲ್ ಎಲ್ಲ ಹೊಸದಿದ್ದರೂ ಡ್ಯಾಶ್‌ಬೋರ್ಡಿನ ಟಿ-ಹಿಡಿ ಎಳೆದು ಅಷ್ಟು ಬಲ ಹುಟ್ಟಿಸುವುದು ಕಷ್ಟ.

ದಾರಿ ಇದೆ. ಬ್ರೇಕಿನ ಮೇಲಿರುವ ಲಿವರ್ ಉದ್ದ ಮಾಡಿ. ಈಗ ತಿರುಗುವ ಪಿನ್ನಿನಿಂದ ಕೇಬಲ್ ಕಣ್ಣಿಗೆ 75 ಮಿ.ಮೀ. ಇದ್ದರೆ 105 ಮಾಡಿಸಿ. ಹಳೆಯ ಲಿವರಿಗೆ ತುಂಡು ಬೆಸೆಯಬೇಡಿ, ಬೆಸುಗೆಯ ಪಕ್ಕದಲ್ಲೇ ಬಿರುಕು ಬರುತ್ತದೆ. 6 ಮಿ.ಮೀ. ಕಬ್ಬಿಣದ ಪಟ್ಟಿಯಲ್ಲಿ ಇಡೀ ಲಿವರ್ ಹೊಸದಾಗಿ ಕತ್ತರಿಸಿ. ಬ್ರೇಕ್ ಬಿಗಿಯಾದಾಗ ಲಿವರ್ ಮತ್ತು ಕೇಬಲ್ ನಡುವೆ ಸರಿಯಾಗಿ 90 ಡಿಗ್ರಿ ಇರಬೇಕು. ಬಿಟ್ಟಾಗ ಅಲ್ಲ, ಬಿಗಿಯಾದಾಗ. ಲಿವರ್ ಉದ್ದವಾದಷ್ಟೂ ಕೇಬಲ್ ಹೆಚ್ಚು ದೂರ ಎಳೆಯಬೇಕಾಗುತ್ತದೆ. ಡ್ಯಾಶ್‌ಬೋರ್ಡಿನ ಹಿಡಿಯಲ್ಲಿ ಅಷ್ಟು ಓಟ ಸಿಗದಿದ್ದರೆ ನೆಲದಲ್ಲಿ ಕೂರುವ, ಹಲ್ಲಿನ ಪಟ್ಟಿ ಇರುವ ಹ್ಯಾಂಡ್ ಬ್ರೇಕ್ ಲಿವರ್ ಹಾಕಿ. ನೋಡಲು ಮೂಲದಂತೆ ಇರಲಿ ಎಂದರೆ ಹಳೆಯ ಹಿಡಿಯನ್ನು ಅಲ್ಲೇ ಬಿಡಬಹುದು.

ಲೇತ್_ಮೇಸ್ತ್ರಿ:
ಪಿನಿಯನ್ ಅವರ ಲೆಕ್ಕ ಸರಿ. ಡ್ರಮ್ ಕಾಯುವುದಕ್ಕೆ ಕಾರಣ ಬೇರೆ. ಕೇಬಲ್ಲಿನ ಹೊರಕವಚ ಎಲ್ಲಿ ಹಿಡಿಸಿದ್ದೀರಿ? ಛಾಸಿಗೆ ಹಿಡಿಸಿದ್ದರೆ ಅಲ್ಲೇ ತಪ್ಪಿದೆ. ಡೀಸೆಲ್ ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಚೆನ್ನಾಗಿ ಹೊರಳುತ್ತದೆ, ಅದರ ಜೊತೆ ಟ್ರಾನ್ಸ್‌ಫರ್ ಕೇಸೂ ಅಲುಗುತ್ತದೆ. ಕವಚ ಛಾಸಿಯಲ್ಲಿ, ಲಿವರ್ ಕೇಸಿನಲ್ಲಿ ಇದ್ದರೆ ಕ್ಲಚ್ ಬಿಟ್ಟಾಗಲೆಲ್ಲ ಬ್ರೇಕ್ ತಾನೇ ಎಳೆದುಕೊಳ್ಳುತ್ತದೆ. ಕವಚದ ಕೊನೆಯ ಕ್ಲಾಂಪನ್ನು ಕೇಸಿನ ಬೋಲ್ಟಿಗೇ ಕಟ್ಟಿದ ಬ್ರಾಕೆಟ್ಟಿಗೆ ಹಾಕಿ. ಆಗ ಎರಡೂ ಒಟ್ಟಿಗೆ ಅಲುಗುತ್ತವೆ.

ಹಳೆಯ ಕೇಬಲ್ಲಿಗೆ ಜೋಡಣೆ ಬೇಡ, ಉದ್ದ ಅಳೆದು ಹೊಸದು ಮಾಡಿಸಿ. ಸೈಲೆನ್ಸರ್ ಪೈಪಿನಿಂದ ದೂರವಿರಲಿ. ಒಳಗಿನ ಪ್ಲಾಸ್ಟಿಕ್ ಕರಗಿದರೆ ಎಳೆದದ್ದು ವಾಪಸ್ ಬರುವುದಿಲ್ಲ. ಡ್ರಮ್ ಮತ್ತು ಕ್ರಾಸ್ ಮೆಂಬರ್ ನಡುವೆ ಎಲ್ಲ ಕಡೆ 25 ಮಿ.ಮೀ. ಜಾಗ ಬೇಕೇ ಬೇಕು. 6 ಸೆಂ.ಮೀ. ಹಿಂದೆ ಬಂದಿರುವುದರಿಂದ ಇದನ್ನು ಖಂಡಿತ ನೋಡಿ.

ಶೂ ಹೊಂದಾಣಿಕೆ: ಹಿಡಿ ಪೂರ್ತಿ ಬಿಡಿ. ಡ್ರಮ್ಮಿನ ತೂತುಗಳು ಒಳಗಿನ ಹಲ್ಲುಚಕ್ರಗಳ ನೇರಕ್ಕೆ ಬರುವಂತೆ ತಿರುಗಿಸಿ, ಸ್ಕ್ರೂಡ್ರೈವರಿನಿಂದ ಎರಡೂ ಚಕ್ರಗಳನ್ನು ಶೂ ಡ್ರಮ್ಮಿಗೆ ತಾಗುವವರೆಗೆ ಬಿಗಿ ಮಾಡಿ. ಆಮೇಲೆ ಪ್ರತಿಯೊಂದನ್ನೂ 7 ಹಲ್ಲು ಹಿಂದಕ್ಕೆ ಬಿಡಿ. ಕೇಬಲ್ ಹೊಂದಾಣಿಕೆ ಏನಿದ್ದರೂ ಇದಾದ ಮೇಲೆ. ಮೊದಲೇ ಕೇಬಲ್ ಬಿಗಿ ಮಾಡಿ ಶೂ ಸವೆತ ಮುಚ್ಚಿಡುವುದು ತೀರಾ ಕೆಟ್ಟ ಅಭ್ಯಾಸ.

ಘಾಟಿ_ಜೀಪ್:
ಹೌದು ಸರ್, ಕವಚ ಛಾಸಿಗೇ ಕಟ್ಟಿದೆ. ಇಂದು ಡ್ರಮ್ ಬಿಚ್ಚಿಸಿದೆ. ಕೆಳಗಿನ ಶೂ ಕಪ್ಪಗೆ ಹೊಳೆಯುತ್ತಿದೆ, ಬೆರಳಿಗೆ ಗೇರ್ ಆಯಿಲ್ ಹತ್ತುತ್ತದೆ. ಪೆಟ್ರೋಲಿನಲ್ಲಿ ತೊಳೆದರೆ ಆದೀತೇ?

ಲೇತ್_ಮೇಸ್ತ್ರಿ:
ಆಗುವುದಿಲ್ಲ. ಲೈನಿಂಗ್ ಆಯಿಲ್ ಕುಡಿದಿದ್ದರೆ ಬಿಸಿಯಾದಾಗ ಮತ್ತೆ ಹೊರಗೆ ಬಿಡುತ್ತದೆ. ಎರಡೂ ಶೂಗಳಿಗೆ ಹೊಸ ಲೈನಿಂಗ್ ಹಾಕಿಸಿ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಗಾಳಿ ಹೊಡೆದು ಧೂಳು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಡಾನಾ 18ರಲ್ಲಿ ಆಯಿಲ್ ಎರಡು ದಾರಿಯಲ್ಲಿ ಬರುತ್ತದೆ. ಒಂದು ಸೀಲ್. ಫ್ಲಾಂಜ್ (ಡ್ರಮ್ ಕೂರುವ ತಟ್ಟೆ) ಕತ್ತಿನಲ್ಲಿ ಸೀಲ್ ಕೂರುವ ಜಾಗಕ್ಕೆ ಉಗುರು ಆಡಿಸಿ. ಗೆರೆ ಸಿಕ್ಕಿದರೆ ಹೊಸ ಸೀಲೂ ನಿಲ್ಲುವುದಿಲ್ಲ, ಅದರ ಮೇಲೆ ತೆಳು ಲೋಹದ ತೋಳು (ಸ್ಲೀವ್) ಹಾಕಿಸಿ. ಇನ್ನೊಂದು ಸ್ಪ್ಲೈನ್, ಅಂದರೆ ಫ್ಲಾಂಜ್ ಶಾಫ್ಟಿಗೆ ಕೂರುವ ಉದ್ದಗೆರೆ ಹಲ್ಲುಗಳು. ಫ್ಲಾಂಜ್ ಕೂರಿಸುವಾಗ ಸ್ಪ್ಲೈನಿಗೂ ನಟ್ಟಿನ ವಾಷರ್ ಅಡಿಗೂ ಸೀಲಂಟ್ ಹಚ್ಚದಿದ್ದರೆ ಅಲ್ಲಿಂದ ಜಿನುಗಿ ನೇರ ಡ್ರಮ್ಮಿಗೆ ಇಳಿಯುತ್ತದೆ.

ಸೀಲ್ ಹಾಕುವ ಮೊದಲು ಶಾಫ್ಟನ್ನು ಹಿಂದೆ ಮುಂದೆ ಅಲ್ಲಾಡಿಸಿ ಡಯಲ್ ಗೇಜಿನಲ್ಲಿ ಆಟ ಅಳೆಯಿರಿ. 0.10ರಿಂದ 0.20 ಮಿ.ಮೀ. ಇರಬೇಕು. ಹೆಚ್ಚಿದ್ದರೆ ಹಿಂದಿನ ಕ್ಯಾಪಿನ ಶಿಮ್ (ತೆಳು ತಗಡಿನ ವಾಷರ್) ತೆಗೆದು ಸರಿ ಮಾಡಿ. ಬ್ರೀದರ್ (ಕೇಸಿನ ಗಾಳಿತೂತು) ಮಣ್ಣು ಕಟ್ಟಿದ್ದರೂ ಒಳಗೆ ಒತ್ತಡ ಏರಿ ಸೀಲ್ ಸೋರುತ್ತದೆ.

ಕೆಂಪುಮಣ್ಣು:
ಹಿಂಚಕ್ರದ ಪ್ರಶ್ನೆಗೆ: ಟ್ರೇಲರ್ ಎಳೆಯುವುದಿದ್ದರೆ ಮಾತ್ರ ಆ ಖರ್ಚು ಮಾಡಿ. ಬ್ಯಾಕ್ ಪ್ಲೇಟ್, ಡ್ರಮ್, ಎರಡು ಕೇಬಲ್, ಎರಡಕ್ಕೂ ಸಮ ಎಳೆತ ಕೊಡುವ ತೂಗುಪಟ್ಟಿ ಎಲ್ಲ ಬೇಕು. ಕಾಲು ಬ್ರೇಕಿನ ಲೈನಿನಲ್ಲಿ ವಾಲ್ವ್ ಹಾಕಿ ಒತ್ತಡ ಹಿಡಿದಿಡುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ರಾತ್ರಿ ಆಯಿಲ್ ತಣ್ಣಗಾದರೆ ಒತ್ತಡ ಇಳಿಯುತ್ತದೆ, ಗಾಡಿ ಹೊರಟುಬಿಡುತ್ತದೆ.

ಪರೀಕ್ಷೆ ಹೀಗೆ ಮಾಡಿ: ಇಳಿಜಾರಿನಲ್ಲಿ ಚಕ್ರದಿಂದ 10 ಸೆಂ.ಮೀ. ಕೆಳಗೆ ದಪ್ಪ ಮರದ ಅಡೆ ಇಡಿ. ಮುಂಚಕ್ರದ ಡ್ರೈವ್ ಬಿಡಿಸಿ, ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್ ಮಾಡಿ. ಇಂಜಿನ್ನಿನ ಸಹಾಯವಿಲ್ಲದೆ ಬ್ರೇಕ್ ಒಂದೇ ಹಿಡಿಯುತ್ತಿದೆಯೇ ಎಂದು ಆಗ ಗೊತ್ತಾಗುತ್ತದೆ. ಮೇಲ್ಮುಖ, ಕೆಳಮುಖ ಎರಡೂ ನಿಲ್ಲಿಸಿ ನೋಡಿ.

ಈ ಬ್ರೇಕ್ ನಂಬಿ ಒಂದು ಹಿಂಚಕ್ರವನ್ನು ಜಾಕ್ ಮೇಲೆ ಎತ್ತಬೇಡಿ. ಎತ್ತಿದ ಚಕ್ರ ಡಿಫರೆನ್ಷಿಯಲ್‌ನಿಂದಾಗಿ ಉಲ್ಟಾ ತಿರುಗುತ್ತದೆ, ನೆಲದ ಚಕ್ರ ಉರುಳುತ್ತದೆ. ಪಂಕ್ಚರ್ ಹಾಕುವಾಗ ಮುಂಚಕ್ರದ ಡ್ರೈವ್ ಸೇರಿಸಿಡಿ. ಆಗ ಡ್ರಮ್ ಮುಂದಿನ ಆಕ್ಸಲನ್ನೂ ಹಿಡಿಯುತ್ತದೆ. ಫ್ರೀ ವೀಲ್ ಹಬ್ (ಮುಂಚಕ್ರವನ್ನು ಆಕ್ಸಲ್‌ನಿಂದ ಬಿಡಿಸುವ ಹಬ್) ಹಾಕಿಸಿದ್ದರೆ ಅವೂ ಲಾಕ್ ಆಗಿರಬೇಕು. ಅಷ್ಟಾದರೂ ಅಡೆ ಇಡದೆ ಗಾಡಿ ಕೆಳಗೆ ಕೈ ಹಾಕಬೇಡಿ.