ಮಿರಜ–ಪಂಢರಪುರ ಹಳೆ ನ್ಯಾರೋಗೇಜ್: ಪಾಳು ಸ್ಟೇಶನ್ನಿಗೆ ಯಾವ ಇಸವಿ ಬರೀಬೇಕು?

ಜತ್ತ_ಸೀಮೆ:
ಜತ್ತ ಕಡೆ ಈಗಿನ ಬ್ರಾಡ್‌ಗೇಜ್ ಹಳಿಯಿಂದ ಎರಡು ಹೊಲ ದಾಟಿದರ ಒಂದು ಮಣ್ಣಿನ ಏರಿ, ಉದ್ದನ ಕಲ್ಲು ಕಟ್ಟಿ, ಮ್ಯಾಳಗಿ ಹೋದ ಒಂದು ಕೋಣಿ ಉಳದಾವ. ಊರಾಗ ಎಲ್ಲಾರೂ 1897ರ ಸ್ಟೇಶನ್ ಅಂತಾರ. ಬೇಲಿಗೆ ನಿಲ್ಲಿಸಿದ ಹಳಿ ತುಂಡಿನ ಮ್ಯಾಲೂ ಹಳೆ ಇಸವಿ ಐತಿ. ಪಂಚಾಯ್ತಿಯವರು ಫಲಕ ಹಾಕಬೇಕಂತಾರ. ಇಸವಿ ಖರೆ ಏನ್ರಿ? ಇದು ಸ್ಟೇಶನ್ನೋ, ಗ್ಯಾಂಗ್ ಚಾಳೋ (ಹಳಿ ರಿಪೇರಿ ಆಳುಗಳ ಮನಿ)?

ಕುರ್ಡುವಾಡಿ_ಕಡೆಯವ:
1897 ಹಾಕಬ್ಯಾಡ್ರಿ. ಆ ವರ್ಷ ಈ ನ್ಯಾರೋಗೇಜ್ ಓಡಿಸ್ತಿದ್ದ ಕಂಪನಿ ಬಾರ್ಶಿ ಲೈಟ್ ರೈಲ್ವೆ ಶುರುವಾಗಿದ್ದು ಕುರ್ಡುವಾಡಿಯಿಂದ ಬಾರ್ಶಿಗೆ ಅಷ್ಟೇ. ಆಗ ಕುರ್ಡುವಾಡಿ ಸ್ಟೇಶನ್ ಹೆಸರು ಬಾರ್ಶಿ ರೋಡ್. ಪಂಢರಪುರಕ್ಕ 1906ರಾಗ, ಲಾತೂರಿಗೆ 1911ರಾಗ ಮುಟ್ಟಿತು. ಪಂಢರಪುರದಿಂದ ಮಿರಜದ ತನಕ ಗಾಡಿ ಬಂದಿದ್ದು 1927ರಾಗ. ನಿಮ್ಮ ಸ್ಟೇಶನ್ ಅದಕ್ಕಿಂತ ಹಳೇದಾಗಿರೋದು ಸಾಧ್ಯ ಇಲ್ಲ. ಕಂಪನಿ ಹುಟ್ಟಿದ ವರ್ಷ ಎಲ್ಲಾ ಸ್ಟೇಶನ್ನಿಗೂ ಅಂಟಿಸೋ ತಪ್ಪು ಬಾಳ ಕಡೆ ಆಗೇತಿ. 1954ರಾಗ ಸರ್ಕಾರ ಕಂಪನಿ ಕೊಂಡಿತು, ಮಿರಜ ಭಾಗ ಬ್ರಾಡ್‌ಗೇಜ್ ಆದದ್ದು 2010ರ ಆಸುಪಾಸು.

ಹಳಿ ಮ್ಯಾಲಿನ ಇಸವಿ ಕಾರ್ಖಾನ್ಯಾಗ ಹಳಿ ತಯಾರಾದ ವರ್ಷ. ಒಂದು ಭಾಗದಾಗ ಸವೆದ ಹಳಿ ಕಿತ್ತು ಇನ್ನೊಂದು ಭಾಗಕ್ಕ, ಸೈಡಿಂಗಿಗೆ, ಕೊನೀಗೆ ಬೇಲಿ ಕಂಬಕ್ಕ ಹಾಕೋದು ರೈಲ್ವೆದಾಗ ರೂಢಿ. ಅದು ಕಟ್ಟಡದ ವಯಸ್ಸು ಹೇಳೂದಿಲ್ಲ.

ಹಳಿ_ಅಳತೆ:
ಹಳಿ ವಯಸ್ಸು ಹೇಳದಿದ್ರೂ ಯಾವ ಗೇಜಿಂದು (ಗೇಜ್ ಅಂದ್ರ ಎರಡು ಹಳಿ ನಡುವಿನ ಅಂತರ) ಅಂತ ಹೇಳ್ತದ. ಬಾರ್ಶಿ ಲೈಟ್ ರೈಲ್ವೆಯ ಇಂಜಿನಿಯರ್ ಕಾಲ್ತ್ರಪ್ ಈ ದಾರಿಯನ್ನು 2 ಅಡಿ 6 ಇಂಚು ಗೇಜಿಗೆ, ಪ್ರತಿ ಆಕ್ಸಲ್ಲಿಗೆ (ಗಾಲಿ ಜೋಡಿಗೆ) 5 ಟನ್ ಮೀರದಂಗ ಯೋಚಿಸಿದ್ದ. ಅದಕ್ಕ ಗಜಕ್ಕ 30 ಪೌಂಡಿನ ಹಳಿ ಸಾಕಾತು. ಒಂದು ಅಡಿ ತುಂಡು ಸುಮಾರು 4.5 ಕಿಲೋ ತೂಗಬೇಕು. ಇವತ್ತಿನ ಬ್ರಾಡ್‌ಗೇಜ್ ಮೀಟರಿಗೆ 60 ಕಿಲೋ ಹಳಿಯ ಅಡಿ ತುಂಡು 18 ಕಿಲೋ ದಾಟ್ತದ. ಮಧ್ಯದ ತೂಕ ಬಂದ್ರ ಆಮೇಲೆ ಬದಲಿಸಿದ ಹಳಿ ಇದ್ದೀತು.

ಏರಿಯ ಅಗಲ ಟೇಪ್ ಹಿಡಿದು ಅಳೀರಿ. ಒಂಟಿ ನ್ಯಾರೋಗೇಜಿಗೆ ಮ್ಯಾಲೆ ಸುಮಾರು 12 ಅಡಿ ಇರ್ತದ, ಬ್ರಾಡ್‌ಗೇಜಿಗೆ 20ಕ್ಕೂ ಹೆಚ್ಚು. ಕಟ್ಟಿ ಮುಂದ ಏರಿ ಅಗಲಾಗಿ, ಎರಡೂ ತುದಿಗೆ ಮತ್ತ 12ಕ್ಕ ಸಣ್ಣದಾದ್ರ ಅಲ್ಲಿ ಲೂಪ್ ಹಳಿ (ಮಗ್ಗಲಿಗೆ ಒಡೆದು ಮತ್ತ ಕೂಡೋ ಎರಡನೇ ಹಳಿ) ಇತ್ತು, ಎದುರುಬದುರಿನ ಗಾಡಿ ಕ್ರಾಸಿಂಗ್ ಆಗ್ತಿತ್ತು. ಗ್ಯಾಂಗ್ ಚಾಳಿಗೆ ಲೂಪ್ ಬೇಕಾಗೂದಿಲ್ಲ. ಆದ್ರ ಲೂಪ್ ಇಲ್ಲದ ಹಾಲ್ಟೂ (ಸಣ್ಣ ನಿಲ್ದಾಣ) ಇರ್ತಿದ್ವು. ಹಂಗಿದ್ರ ಕೋಣೀಗೆ ಟಿಕೆಟ್ ಕಿಂಡಿ, ಕಟ್ಟಿ ಅಂಚಿಗೆ ಸಾಲಾಗಿ ಕೂಡ್ರಿಸಿದ ಚಪ್ಪಟ ಕಲ್ಲು ನೋಡ್ರಿ. ಮಳಿಗೆ ಏರಿ ಅಂಚು ಕುಸಿದಿರ್ತದ, ಒಂದೇ ಜಾಗ ಅಳೆದು ತೀರ್ಮಾನ ಮಾಡಬ್ಯಾಡ್ರಿ. ಮೋರಿ ಗ್ವಾಡಿಯಿಂದ ಗ್ವಾಡಿಗೆ ಅಳೆದ ಲೆಕ್ಕವೇ ಗಟ್ಟಿ, ಕಲ್ಲು ಸರಿಯೂದಿಲ್ಲ.

ಸಾತ್‌ಬಾರಾ:
ಫಲಕಕ್ಕ ಕಾಗದ ಬೇಕೇ ಬೇಕು. ಸೊಲ್ಲಾಪುರ ಡಿವಿಜನ್ನಿಗೆ ಆರ್‌ಟಿಐ ಹಾಕ್ರಿ, ಶುಲ್ಕ 10 ರೂಪಾಯಿ, ಉತ್ತರಕ್ಕ 30 ದಿನ. ‘ಇತಿಹಾಸ ಕೊಡ್ರಿ’ ಅಂತ ಬರದ್ರ ಮಾಹಿತಿ ಇಲ್ಲ ಅಂತ ಬರ್ತದ. ಯಾವ ಎರಡು ಸ್ಟೇಶನ್ ನಡುವೆ ಅಂತ ಹೆಸರು ಹೇಳಿ, ಆ ಭಾಗದ ಲ್ಯಾಂಡ್ ಪ್ಲಾನ್, ಯಾರ್ಡ್ ಪ್ಲಾನ್, ಮುಚ್ಚಿದ ಆದೇಶದ ಪ್ರತಿ ಅಂತ ಒಂದೊಂದೇ ಕೇಳ್ರಿ. ಜೋಡಿಗೆ ತಲಾಠಿ (ಊರ ಲೆಕ್ಕಿಗ) ಹತ್ರ ಆ ಜಾಗದ ಗಟ್ ನಂಬರಿನ (ಸರ್ವೆ ನಂಬರಿನಂಥಾದ್ದು) ಸಾತ್‌ಬಾರಾ ಉತಾರ (ಜಮೀನಿನ ದಾಖಲೆ) ತಗೊಂಡು ಜಾಗ ಯಾರ ಹೆಸರಿಗಿದೆ ನೋಡ್ರಿ. ಹಳಿ ಕಿತ್ತ ಮಾತ್ರಕ್ಕ ಜಾಗ ರೈಲ್ವೆ ಕೈ ಬಿಡೂದಿಲ್ಲ. ಅದು ರೈಲ್ವೆದ್ದೇ ಆಗಿದ್ರ ಅವರ ಪರವಾನಗಿ ಇಲ್ಲದ ಪಂಚಾಯ್ತಿ ಫಲಕ ನಿಲ್ಲೂದಿಲ್ಲ.

ತೂಕ ನೋಡಾಕ ಹಳಿ ಕೊಯ್ಯಬ್ಯಾಡ್ರಿ, ಮನೀಗೂ ಒಯ್ಯಬ್ಯಾಡ್ರಿ. ರೈಲ್ವೆ ಸ್ವತ್ತು ಅಕ್ರಮವಾಗಿ ಇಟ್ಟುಕೊಂಡ್ರ 1966ರ ಕಾಯ್ದೆ ಪ್ರಕಾರ ಗುನ್ನೆ. ಇದ್ದಲ್ಲೇ ಎತ್ತರ, ತಲೆ ಅಗಲ, ಬುಡದ ಅಗಲ ಅಳೆದು, ಅಕ್ಷರ ಇರೋ ಮಗ್ಗಲು ಸೀಮೆಸುಣ್ಣ ಉಜ್ಜಿ ಫೋಟೊ ಹಾಕ್ರಿ. ತೂಕ ಅಂದಾಜು ಮಾಡಾಕ ಅಷ್ಟು ಸಾಕು.

ಜತ್ತ_ಸೀಮೆ:
ಏರಿ ಕಟ್ಟಿ ಮುಂದ ಅಗಲೇ ಐತ್ರಿ, ತುದಿಗೆ ಸಣ್ಣದಾಗೇತಿ. ಮೋರಿ ಅಳತಿ, ಹಳಿ ಫೋಟೊ ಈ ಐತವಾರ ಹಾಕ್ತೀನಿ. ಫಲಕದ ಕರಡಿನಾಗ 1897 ತೆಗಸೇನಿ.