ಅರ್ಧ ಟಾರು, ಅರ್ಧ ಕಾಡುದಾರಿ: ಸೈಕಲ್ ರೇಸಿಗೆ ಯಾವ ಟೈರ್ ಹಾಕೋದು? (ಸವಾರರ ಹರಟೆ, ಸಾಲಿನ ಮೊದಲಲ್ಲಿರೋದು ಅವರವರ ಅಡ್ಡಹೆಸರು)

ಹೊಸ ಚೈನು: ನವೆಂಬರಿನಲ್ಲಿ ತೀರ್ಥಹಳ್ಳಿ ಕಡೆ 60 ಕಿ.ಮೀ. ರೇಸ್ ಇದೆ. 35 ಕಿ.ಮೀ. ಟಾರು. ಉಳಿದದ್ದು ತೋಟದ ದಾರಿ, ಜಂಬಿಟ್ಟಿಗೆ ಇಳಿಜಾರು, ಅಕೇಶಿಯಾ ನೆಡುತೋಪಿನೊಳಗಿನ ಕಾಲುದಾರಿ. ನನ್ನದು 29 ಇಂಚು ಚಕ್ರದ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್), ರಿಮ್ ಒಳ ಅಗಲ 21 ಮಿ.ಮೀ., ನನ್ನ ತೂಕ 68 ಕೆ.ಜಿ. ಈಗಿರೋದು ಸೈಕಲ್ ಜೊತೆಗೇ ಬಂದ 2.25 ಇಂಚು ಅಗಲದ ವೈರ್ ಬೀಡ್ ಟೈರ್ (ಬೀಡ್ ಅಂದರೆ ರಿಮ್ಮಿಗೆ ಕೂರೋ ಅಂಚು, ಇದರಲ್ಲಿ ಒಳಗೆ ತಂತಿ). ಎರಡು ಟೈರಿಗೆ 8,000 ರೂ. ತನಕ ಹಾಕಬಹುದು. ಟ್ಯೂಬ್‌ಲೆಸ್ ಬೇಕೇ ಬೇಕಾ?

ಜಂಬಿಟ್ಟಿಗೆ: ಹಿಂದೆ ಮುಂದೆ ಒಂದೇ ಟೈರ್ ಹಾಕೋ ಅಭ್ಯಾಸ ಮೊದಲು ಬಿಡಿ. ಹಾರ್ಡ್‌ಟೇಲಲ್ಲಿ ತೂಕ ಹೆಚ್ಚು ಬೀಳೋದು ಹಿಂದಿನ ಚಕ್ರದ ಮೇಲೆ, ಟಾರಲ್ಲಿ ನಿಮ್ಮ ಶಕ್ತಿ ತಿನ್ನೋದೂ ಅದೇ. ಅದಕ್ಕೆ ಹಿಂದೆ ನಡುಪಟ್ಟಿಯ ಗುಬ್ಬಿ (ಟೈರ್ ಮೇಲಿನ ರಬ್ಬರ್ ಉಬ್ಬು) ಗಿಡ್ಡ ಇರಬೇಕು, ಒಂದಕ್ಕೊಂದು ಒತ್ತಾಗಿರಬೇಕು. ಮುಂದಿನ ಚಕ್ರ ಜಾರಿದರೆ ಸೀದಾ ದರೆಗೇ, ಅಲ್ಲಿ ಅಂಚಿನ ಗುಬ್ಬಿ ಎತ್ತರ ಇರಬೇಕು. ನನ್ನದು ಹಿಂದೆ ಕಾಂಟಿನೆಂಟಲ್ ರೇಸ್ ಕಿಂಗ್ 2.2, ಮುಂದೆ ವಿಟ್ಟೋರಿಯಾ ಬಾರ್ಜೋ 2.25. ಮುಂದೆಯೂ ರೇಸ್ ಕಿಂಗ್ ಹಾಕಿದರೆ ಟಾರಲ್ಲಿ ಸುಖ. ಆದರೆ ಒಣಗಿದ ಅಕೇಶಿಯಾ ಎಲೆ ಹಾಸಿರೋ ಇಳಿಜಾರಲ್ಲಿ ಹ್ಯಾಂಡಲ್ ತಿರುಗಿಸಿದರೂ ಸೈಕಲ್ ನೇರ ಹೋಗುತ್ತೆ, ಯಾಕಂದ್ರೆ ಗಿಡ್ಡ ಗುಬ್ಬಿ ಎಲೆ ದಾಟಿ ಮಣ್ಣು ಮುಟ್ಟೋದೇ ಇಲ್ಲ.

ಇನ್ನೊಂದು, ಪಕ್ಕದ ಗೋಡೆ. ಜಂಬಿಟ್ಟಿಗೆ ಕಲ್ಲು ಒಡೆದ ಕಡೆ ಅಂಚು ಗರಗಸದ ಹಾಗಿರುತ್ತೆ. ತೂಕ ಕಮ್ಮಿ ಅಂತ ತೆಳು ಗೋಡೆಯ ಟೈರ್ ತಗೊಂಡರೆ ಉಳಿಸೋದು ನೂರು ಗ್ರಾಂ, ಕಳೆಯೋದು ಇಡೀ ಟೈರ್. ನನ್ನ 4,600 ರೂಪಾಯಿಯ ಟೈರಿಗೆ ಗೋಡೆಯಲ್ಲಿ 14 ಮಿ.ಮೀ. ಸೀಳು ಬಿತ್ತು, ಗುಬ್ಬಿ ಹೊಸದರ ಹಾಗೇ ಇತ್ತು. ಕಂಪನಿ ಹೆಸರು ಬೇಡ. ಅದು ರೇಸ್ ಟ್ರ್ಯಾಕಿಗೆ ಮಾಡಿದ ಟೈರು, ನಮ್ಮ ಗುಡ್ಡಕ್ಕಲ್ಲ.

ಸೊಪ್ಪಿನಬೆಟ್ಟ: ಟ್ಯೂಬ್‌ಲೆಸ್ ಬಗ್ಗೆ ಯಾರೂ ಪೂರ್ತಿ ಖರ್ಚು ಹೇಳೋದಿಲ್ಲ, ಬರೆದುಕೊಳ್ಳಿ. ನಾನು ಕೊಟ್ಟಿದ್ದು: ರಿಮ್ಮಿಗೆ ಸುತ್ತೋ ಟೇಪ್ 650, ವಾಲ್ವ್ ಜೋಡಿ 750, ಅರ್ಧ ಲೀಟರ್ ಸೀಲೆಂಟ್ (ಟೈರೊಳಗೆ ಹಾಕೋ, ತೂತು ಮುಚ್ಚೋ ದ್ರವ) 1,300, ಪ್ಲಗ್ ಕಿಟ್ 500. ಟೈರಿನ ಮೇಲೆ 3,200 ಆಯ್ತಲ್ಲ? ಟೇಪ್ ರಿಮ್ ಒಳ ಅಗಲಕ್ಕಿಂತ 2ರಿಂದ 4 ಮಿ.ಮೀ. ಹೆಚ್ಚಿರಬೇಕು, ಅಂದರೆ 21ಕ್ಕೆ 25ರದ್ದು. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ರಿಮ್ ಒರೆಸಿ. ವಾಲ್ವ್ ತೂತಿಗೆ ಒಂದು ಗೇಣು ಮೊದಲೇ ಶುರು ಮಾಡಿ, ಎಳೆದು ಬಿಗಿಯಾಗಿ ಎರಡು ಸುತ್ತು ಸುತ್ತಿ, ತೂತು ದಾಟಿ ಇನ್ನೊಂದು ಗೇಣು ಹೋಗಿ ಮುಗಿಸಿ. ಟ್ಯೂಬ್ ಹಾಕಿ 40 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತುಂಬಿ ರಾತ್ರಿಯಿಡೀ ಬಿಟ್ಟರೆ ಟೇಪ್ ಮೂಲೆಗೆ ಕೂತ್ಕೊಳ್ಳುತ್ತೆ. ಈ ಕೆಲಸ ಬಿಟ್ಟವರೇ ಬೆಳಗಾಗೋದ್ರೊಳಗೆ ಗಾಳಿ ಇಳಿದಿದೆ ಅಂತ ಟೈರಿಗೆ ಬೈಯೋದು.

ಸೀಲೆಂಟ್ ಒಂದು ಚಕ್ರಕ್ಕೆ 100 ಮಿ.ಲೀ. ಹೊಸ ಟೈರ್ ಗೋಡೆ ಸ್ವಲ್ಪ ಹೀರುತ್ತೆ, ಮೊದಲ ಸಲ ಇನ್ನೊಂದು 20 ಹಾಕಿ. ವಾಲ್ವ್ ಕೋರ್ (ವಾಲ್ವಿನ ಒಳಗಿನ ಬಿಚ್ಚೋ ಭಾಗ) ಬಿಚ್ಚಿ ಗಾಳಿ ಹೊಡೆಯಿರಿ, ಬೀಡಿಗೆ ಸೋಪಿನ ನೀರು ಹಚ್ಚಿ. ಎರಡು ಕಡೆಯೂ ಟಪ್ ಅಂದ ಮೇಲೆ ಕೋರ್ ಹಾಕಿ. ಮತ್ತೆ ನಿಮ್ಮ ಹಳೇ ವೈರ್ ಬೀಡ್ ಟೈರಿಗೆ ಈ ಸರ್ಕಸ್ ಬೇಡ, ಟ್ಯೂಬ್‌ಲೆಸ್ ರೆಡಿ ಅಂತ ಬರೆದಿರದ ಬೀಡ್ ರಿಮ್ ಬಿಟ್ಟು ಹಾರುತ್ತೆ.

ಭದ್ರಾವತಿ 26: ಇಷ್ಟೆಲ್ಲ ಯಾಕೆ ಮಾರಾಯ್ರೇ? 180 ಗ್ರಾಮಿನ ಬ್ಯೂಟೈಲ್ ಟ್ಯೂಬ್, 350 ರೂಪಾಯಿ. ಒಂದು ಒಳಗೆ, ಎರಡು ಬ್ಯಾಗಲ್ಲಿ. 38 ಪಿಎಸ್‌ಐ. ಮುಗೀತು. ನನ್ನ 26ರಲ್ಲಿ ಹೀಗೇ ಓಡಿಸ್ತೀನಿ, ಟಾರಲ್ಲಿ ನಿಮ್ಮ 29ನ್ನ ಹಿಂದೆ ಹಾಕ್ತೀನಿ.

ಸೊಪ್ಪಿನಬೆಟ್ಟ: 38 ಇಟ್ಟು ಬೇರಿನ ಮೇಲೆ ಹತ್ತಿ ನೋಡಿ, ಹಿಂದಿನ ಚಕ್ರ ಪುಟಿದೂ ಪುಟಿದೂ ತುಳಿದದ್ದೆಲ್ಲ ಗಾಳಿಗೆ ಹೋಗುತ್ತೆ. ಇಳಿಸಿದರೆ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು. ಟ್ಯೂಬ್‌ಲೆಸ್ ಬೇಕಾಗಿರೋದೇ ಅದಕ್ಕೆ, ಪಂಕ್ಚರ್ ಆಮೇಲಿನ ಮಾತು.

ಭದ್ರಾವತಿ 26: ನಮ್ಮ ಕಡೆ ಜಾಲಿ ಮುಳ್ಳು. ಪಂಕ್ಚರ್ ಆಮೇಲಿನ ಮಾತು ಅನ್ನೋರು ಜಾಲಿ ನೋಡೇ ಇಲ್ಲ.

ಜಂಬಿಟ್ಟಿಗೆ: ಜಾಲಿ ನಿಮ್ಮ ಬಯಲಿಗೆ ಸರಿ. ರೇಸ್ ಇರೋದು ತೀರ್ಥಹಳ್ಳಿಯಲ್ಲಿ, ಇಲ್ಲಿ ಬಿದಿರು ಮುಳ್ಳು. ಅದು ಒಳಗೇ ಮುರಿದು ಉಳಿಯುತ್ತೆ. ಟ್ಯೂಬ್‌ಲೆಸ್ ಟೈರಲ್ಲಿ ಎಷ್ಟು ಮುಳ್ಳಿದ್ದರೂ ಸೀಲೆಂಟ್ ಮುಚ್ಚಿಕೊಂಡು ಓಡುತ್ತೆ, ನಿಮಗೆ ಗೊತ್ತೇ ಆಗೋದಿಲ್ಲ. ಗೋಡೆ ಸೀಳಿ ದಾರಿಯಲ್ಲಿ ಟ್ಯೂಬ್ ಹಾಕೋ ಹೊತ್ತು ಬಂದಾಗ ಅಷ್ಟೂ ಮುಳ್ಳು ಒಟ್ಟಿಗೆ ಟ್ಯೂಬಿಗೆ ಚುಚ್ಚುತ್ತವೆ. ಅದಕ್ಕೆ ಒಳಗಡೆ ಬಟ್ಟೆಯಿಂದ ಸುತ್ತ ಒರೆಸಿ (ಬರಿಗೈ ಬೇಡ), ಬಟ್ಟೆ ಸಿಕ್ಕಿಕೊಂಡ ಕಡೆಯೆಲ್ಲ ಇಕ್ಕಳದಿಂದ ಎಳೆದು ತೆಗೆಯಿರಿ. ಸೀಳಿಗೆ ಒಳಗಿಂದ ಹಳೇ ಟೈರಿನ ತುಂಡು ಇಡಿ. ಇಲ್ಲದಿದ್ದರೆ ಹತ್ತು ರೂಪಾಯಿ ನೋಟು ನಾಲ್ಕು ಮಡಿಕೆ.

ಹೊಸ ಚೈನು: ಹಾಗಾದ್ರೆ 68 ಕೆ.ಜಿ.ಗೆ ಎಷ್ಟು ಪಿಎಸ್‌ಐ?

ಘಾಟಿ ಇಳಿಜಾರು: ಟ್ಯೂಬ್‌ಲೆಸ್ ಆದ್ರೆ ಮುಂದೆ 22, ಹಿಂದೆ 25ರಿಂದ ಶುರು ಮಾಡಿ. ಆಗುಂಬೆಯ 14 ತಿರುವಿನಂಥ ಟಾರಿನ ಇಳಿಜಾರಲ್ಲಿ 20ಕ್ಕಿಂತ ಕೆಳಗಿದ್ದರೆ, 21ರ ರಿಮ್ಮಿನ ಮೇಲೆ ಟೈರ್ ಪಕ್ಕಕ್ಕೆ ಹೊರಳೋದು ಕೈಗೆ ಗೊತ್ತಾಗುತ್ತೆ. ಅದಕ್ಕೇ ಆ ರಿಮ್ಮಿಗೆ 2.4 ಹಾಕಬೇಡಿ ಅನ್ನೋದು. ಬೆಳಗಿನ ಚಳಿಯಲ್ಲಿ ತುಂಬಿದ 25 ಬಿಸಿಲೇರಿದ ಟಾರಲ್ಲಿ 26, 27 ಆಗುತ್ತೆ, ಅದನ್ನೂ ಲೆಕ್ಕಕ್ಕೆ ಹಿಡೀರಿ. ಆದರೆ ಈ ಅಂಕಿಯೆಲ್ಲ ಮೀಟರ್ ಸರಿ ಇದ್ದರೆ ಮಾತ್ರ. 160 ತನಕ ಇರೋ ಪಂಪಿನ ಮುಳ್ಳಲ್ಲಿ 22ಕ್ಕೂ 27ಕ್ಕೂ ಕೂದಲೆಳೆ ವ್ಯತ್ಯಾಸ. ಕಡಿಮೆ ಒತ್ತಡದ್ದೇ ಬೇರೆ ಡಿಜಿಟಲ್ ಗೇಜ್ ತಗೊಳ್ಳಿ, ನನಗೆ 1,100 ಬಿತ್ತು. ಟೈರಿಗಿಂತ ಮೊದಲು ತಗೋಬೇಕಾದ್ದು ಅದು.

ಸೊಪ್ಪಿನಬೆಟ್ಟ: ಹೆಬ್ಬೆರಳಲ್ಲಿ ಒತ್ತಿ ನೋಡಿದರೆ ಸಾಕು, 1,100 ದಂಡ.

ಘಾಟಿ ಇಳಿಜಾರು: ಟೇಪಿಗೆ 650 ಕೊಟ್ಟವರು ಹೇಳ್ತಿರೋದಾ ಇದು?

ಕೆಸರುಗಾಲುವೆ: ಎಲ್ಲರೂ ಒಣದಾರಿ ಲೆಕ್ಕದಲ್ಲೇ ಮಾತಾಡ್ತಿದ್ದೀರಿ. ನವೆಂಬರಲ್ಲಿ ಟಾರು ಒಣಗಿರುತ್ತೆ, ತೋಟದ ದಾರಿ ಒಣಗಿರೋದಿಲ್ಲ. ಅಡಿಕೆ ಮರದ ನೆರಳಲ್ಲಿ ಬಸಿಗಾಲುವೆ ಪಕ್ಕದ ಮಣ್ಣು ಅಂಟಿನ ಹಾಗಿರುತ್ತೆ. ಒತ್ತು ಗುಬ್ಬಿಯ ಟೈರಲ್ಲಿ ಆ ಮಣ್ಣು ತುಂಬಿ ನಿಂತರೆ ಗುಬ್ಬಿ ಇದ್ದೂ ಇಲ್ಲ. ಟೈರಿಗೂ ಚೈನ್‌ಸ್ಟೇಗೂ (ಹಿಂದಿನ ಚಕ್ರದ ಅಕ್ಕಪಕ್ಕ ಹೋಗೋ ಫ್ರೇಮಿನ ಕೊಳವೆ) ಎರಡೂ ಕಡೆ ಕನಿಷ್ಠ 6 ಮಿ.ಮೀ. ಜಾಗ ಬೇಕು, ಅಲೆನ್ ಕೀ ತೂರಿಸಿ ನೋಡಿ. ಇಲ್ಲದಿದ್ದರೆ ಚಕ್ರ ಸಿಕ್ಕಿಕೊಂಡು ಸೈಕಲ್ ಹೊತ್ತು ನಡೀಬೇಕು, ಫ್ರೇಮಿನ ಪೇಂಟೂ ಸವೆಯುತ್ತೆ. ಪೇಂಟಿಗೇ ನನಗೆ 2,800 ಹೋಗಿದೆ. ಹಿಂದೆ 2.1 ಸಾಕು, ಅಗಲದ ಹುಚ್ಚು ಬಿಡಿ. ಉದುರಿದ ಅಡಿಕೆ ಹಾಳೆ ಮೇಲೆ ಬ್ರೇಕ್ ಒತ್ತಬೇಡಿ, ಅದಕ್ಕೆ ಯಾವ ಟೈರೂ ಇಲ್ಲ. ನೆರಳಿನ ಕಾಂಕ್ರೀಟ್ ರಸ್ತೆಯ ಪಾಚಿಗೂ ಅಷ್ಟೇ, ಅಲ್ಲಿ ಗುಬ್ಬಿ ಲೆಕ್ಕಕ್ಕಿಲ್ಲ, ರಬ್ಬರ್ ಮೆತ್ತಗಿದ್ದಷ್ಟೂ ಒಳ್ಳೇದು.

ಜಂಬಿಟ್ಟಿಗೆ: 2.1 ಹಾಕಿ ಜಂಬಿಟ್ಟಿಗೆ ಮೇಲೆ ಇಳಿದು ತೋರಿಸಿ, ಆಮೇಲೆ ಹುಚ್ಚು ಅನ್ನಿ.

ಕೆಸರುಗಾಲುವೆ: ಇಳಿಯೋದು ಕಾಲಿನ ಕೆಲಸ. ಸೊಂಟ ಹಿಂದೆ ತಗೊಳ್ಳೋಕೆ ಬಾರದವರಿಗೆ 2.4ಊ ಸಾಲದು.

ಹೊಸ ಚೈನು: 8,000ದೊಳಗೆ ಏನು ಮಾಡ್ಲಿ ಅಂತ ಒಬ್ಬರೂ ಹೇಳಲಿಲ್ಲ.

ಘಾಟಿ ಇಳಿಜಾರು: ಮುಂದಕ್ಕೆ ಒಂದೇ ಒಂದು ಒಳ್ಳೇ ಟ್ಯೂಬ್‌ಲೆಸ್ ರೆಡಿ ಟೈರ್ ತಗೊಂಡು ಮುಂದಿನ ಚಕ್ರ ಮಾತ್ರ ಟ್ಯೂಬ್‌ಲೆಸ್ ಮಾಡಿ. ಹಿಂದೆ ಈಗಿರೋ ಟೈರೇ ಇರಲಿ, ಟ್ಯೂಬ್ ಹಾಕಿ 32. ಮಿಕ್ಕ ದುಡ್ಡಲ್ಲಿ ಗೇಜ್. ರೇಸಿನ ದಿನ ಗಾಳಿಗೆ ಸಿಒ2 ಡಬ್ಬಿ ಇಟ್ಕೊಂಡು ಬರಬೇಡಿ, ಆ ತಣ್ಣನೆ ಗ್ಯಾಸಿಗೆ ಕೆಲವು ಲ್ಯಾಟೆಕ್ಸ್ ಸೀಲೆಂಟ್ ಹೆಪ್ಪುಗಟ್ಟುತ್ತೆ. ಕೈಪಂಪೇ ವಾಸಿ.

ಭದ್ರಾವತಿ 26: ನೋಡಿ, ಕೊನೆಗೆ ಹಿಂದಕ್ಕೆ ಟ್ಯೂಬೇ ಆಯ್ತಲ್ಲ!

ಸೊಪ್ಪಿನಬೆಟ್ಟ: 32 ಅಂದಿದ್ದು ರೀ, 38 ಅಲ್ಲ.

ಭದ್ರಾವತಿ 26: ನಿಮ್ಮ ಹೆಬ್ಬೆರಳಿಗೆ ಅದು ಹೇಗೆ ಗೊತ್ತಾಗುತ್ತೆ?